ಪುಟ್ಟ ಟೂ ಸ್ಟ್ರೋಕ್ ರೇಸ್ ಬೈಕಿನ ನಡುಕ: ಕ್ರ್ಯಾಂಕ್ ತೂಗುವುದೇ, ರಬ್ಬರ್ ಹಾಕುವುದೇ, ಬ್ಯಾಲೆನ್ಸರ್ ಇರುವ ಎಂಜಿನ್ ಆರಿಸುವುದೇ?

ಕಾರ್ಬುರೇಟರಿನ ಪೆಟ್ರೋಲ್ ಹಾಲಿನಂತೆ ನೊರೆಯಾಗಿದ್ದನ್ನು ಕಣ್ಣಾರೆ ಕಂಡ ದಿನದಿಂದ ಎಂಜಿನ್ ನಡುಕವನ್ನು ಸವಾರನ ಕೈ ಜೋಮುಗಟ್ಟುವ ಸಂಗತಿ ಎಂದಷ್ಟೇ ಭಾವಿಸುವುದನ್ನು ಬಿಟ್ಟೆ. ಆ 125 ಸಿಸಿ ಬೈಕಿನ ಪಿಸ್ಟನ್ ಎರಡು ಸಲ ಕಚ್ಚಿಕೊಂಡಿತ್ತು, ಎರಡು ಸಲವೂ ಉದ್ದನೆಯ ನೇರ ಹಾದಿಯ ಕೊನೆಯಲ್ಲಿ. ಕಾರ್ಬುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ತೂತಾದ ಮೇನ್ ಜೆಟ್ ದೊಡ್ಡದು ಹಾಕಿದರೂ ಫಲವಿರಲಿಲ್ಲ. ಕೊನೆಗೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲಿನ ತಳಕ್ಕೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಅದನ್ನು ಮೇಲಕ್ಕೆ ಬಾಗಿಸಿ ಕಟ್ಟಿ, ಬೈಕನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಎಂಜಿನ್ ಓಡಿಸಿದೆವು. ನಿಮಿಷಕ್ಕೆ 9,000 ಸುತ್ತಿನವರೆಗೆ ಕೊಳವೆಯೊಳಗಿನ ಪೆಟ್ರೋಲ್ ಮಟ್ಟ ಗೆರೆ ಎಳೆದಂತೆ ನಿಂತಿತ್ತು. 10,000 ದಾಟುತ್ತಿದ್ದಂತೆ ಗೆರೆ ಕದಡಿತು, ಗುಳ್ಳೆಗಳೆದ್ದವು, ನೋಡುನೋಡುತ್ತಿದ್ದಂತೆ ಕೊಳವೆಯೆಲ್ಲ ಬೆಳ್ಳಗಾಯಿತು. ಜೆಟ್ ಎಷ್ಟು ದೊಡ್ಡದಾದರೇನು, ಅದರ ಮೂಲಕ ಹೋಗುತ್ತಿದ್ದುದು ಗಾಳಿ ಬೆರೆತ ನೊರೆ. ಪೆಟ್ರೋಲ್ ಸಾಲದೆ ಪಿಸ್ಟನ್ ಕಾದು ಕಚ್ಚಿಕೊಳ್ಳುತ್ತಿತ್ತು.

ನಡುಕ ತಗ್ಗಿಸಲು ದಾರಿಗಳು ಹಲವಿವೆ. ಯಾವುದು ಯಾರಿಗೆ ಹೊಂದುತ್ತದೆ ಎಂಬುದು ಬೈಕಿನ ದೋಷ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಇದನ್ನು ನೋಡದೆ ರಬ್ಬರ್ ಬುಷ್ ಕೊಂಡು ತಂದವರನ್ನೂ, ಪಿಸ್ಟನ್ನಿನ ಏರಿಳಿತವನ್ನು ಸುತ್ತಾಗಿ ಬದಲಿಸುವ, ಚೆನ್ನಾಗಿಯೇ ಇದ್ದ ಕ್ರ್ಯಾಂಕ್‌ಗೆ ತೂತು ಕೊರೆಸಿದವರನ್ನೂ ಕಂಡಿದ್ದೇನೆ. ಹಾಗಾಗಿ ಹೋಲಿಕೆಗೆ ಮೊದಲು ಈ ನಡುಕ ಎಷ್ಟು ದೊಡ್ಡದು ಎಂಬ ಲೆಕ್ಕ ನೋಡೋಣ.

ಒಂದು ಟನ್ನಿಗೆ ಹತ್ತಿರದ ಹೊಡೆತ

125 ಸಿಸಿಯ ಒಂಟಿ ಸಿಲಿಂಡರ್ ರೇಸ್ ಎಂಜಿನ್ನುಗಳಲ್ಲಿ 54 ಮಿ.ಮೀ. ಬೋರ್ (ಸಿಲಿಂಡರಿನ ವ್ಯಾಸ), 54.5 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಬಹಳ ಪರಿಚಿತ ಅಳತೆ. ಹೋಂಡಾ ಆರ್‌ಎಸ್ 125 ಆರ್ ಕೂಡ ಇದೇ ಅಳತೆಯದು. ಪಿಸ್ಟನ್, ಪಿನ್, ರಿಂಗ್, ಚಿಕ್ಕ ಬೇರಿಂಗ್, ಕನೆಕ್ಟಿಂಗ್ ರಾಡಿನ ಮೇಲ್ತುದಿ ಎಲ್ಲ ಸೇರಿ ಮೇಲೆ ಕೆಳಗೆ ಓಡಾಡುವ ತೂಕ 200 ಗ್ರಾಂ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 12,000 ಸುತ್ತಿನಲ್ಲಿ ಆ 200 ಗ್ರಾಂ ಸುಮಾರು 8,600 ನ್ಯೂಟನ್ ಬಲದಿಂದ ಎಂಜಿನ್ನನ್ನು ಜಗ್ಗುತ್ತದೆ. ಅಂದರೆ 870 ಕಿಲೋಗ್ರಾಂಗೂ ಹೆಚ್ಚು ಭಾರ, ಸೆಕೆಂಡಿಗೆ 200 ಸಲ, ಒಮ್ಮೆ ಮೇಲಕ್ಕೆ ಒಮ್ಮೆ ಕೆಳಕ್ಕೆ. ಸುತ್ತು ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತದೆ. 6,000 ಸುತ್ತಿನಲ್ಲಿ ಮೃದುವಾಗಿ ಓಡುವ ಎಂಜಿನ್ 12,000ದಲ್ಲಿ ಬ್ರಾಕೆಟ್ ಸೀಳುವುದಕ್ಕೆ ಇದೇ ಕಾರಣ.

ಇದರ ಮೇಲೆ ಇನ್ನೊಂದು ಚಿಕ್ಕ ನಡುಕ ಎರಡರಷ್ಟು ವೇಗದಲ್ಲಿ ಬರುತ್ತದೆ. ಕನೆಕ್ಟಿಂಗ್ ರಾಡ್ ಓರೆಯಾಗುವುದರಿಂದ ಹುಟ್ಟುವ ನಡುಕ ಅದು. ರಾಡಿನ ಉದ್ದ ಕ್ರ್ಯಾಂಕ್ ತ್ರಿಜ್ಯದ ನಾಲ್ಕರಷ್ಟಿದ್ದರೆ ಇದರ ಬಲ ಮೊದಲಿನದರ ಕಾಲುಭಾಗ. ಉದ್ದದ ರಾಡ್ ಹಾಕಿದರೆ ಕೊಂಚ ಇಳಿಯುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಮೈದಾನದಲ್ಲಿ ನಾವು ಮಾಡಲಾರೆವು.

ಹೊಸದಾಗಿ ಬಂದ ನಡುಕವೇ, ಮೊದಲಿನಿಂದ ಇದ್ದದ್ದೇ?

ನಾನು ಎಲ್ಲರಿಗೂ ಮೊದಲು ಕೇಳುವ ಪ್ರಶ್ನೆ ಇದು. ಕಳೆದ ರೇಸಿನವರೆಗೆ ಸರಿಯಿದ್ದ ಬೈಕ್ ಈಗ ನಡುಗುತ್ತಿದ್ದರೆ ಎಂಜಿನ್ನಿನ ವಿನ್ಯಾಸ ಬದಲಾಗಿಲ್ಲ, ಏನೋ ಕೆಟ್ಟಿದೆ. ಅಂಥ ಬೈಕಿಗೆ ಕ್ರ್ಯಾಂಕ್ ಸಮತೋಲನವನ್ನೋ ರಬ್ಬರನ್ನೋ ಹುಡುಕುವುದು ರೋಗ ಬಿಟ್ಟು ನೋವಿಗೆ ಮದ್ದು ಹುಡುಕಿದಂತೆ. ಎಂಜಿನ್ನನ್ನು ಫ್ರೇಮಿಗೆ ಹಿಡಿದಿಡುವ ಮೌಂಟ್ ಬೋಲ್ಟ್ ಸಡಿಲವಾಗಿರಬಹುದು, ಆ ಬೋಲ್ಟ್ ಕೂರುವ ಫ್ರೇಮಿನ ಕಿವಿ ಬಿರುಕು ಬಿಟ್ಟಿರಬಹುದು, ಮೇನ್ ಬೇರಿಂಗ್ ಸವೆದಿರಬಹುದು, ಇಗ್ನಿಷನ್ ರೋಟರ್ ತನ್ನ ಕೀಲಿಯಲ್ಲಿ ಅಲುಗಾಡುತ್ತಿರಬಹುದು.

ಇವೆಲ್ಲವುಗಳಿಗಿಂತ ಹೆಚ್ಚು ಮೋಸ ಮಾಡುವುದು ತಿರುಚಿದ ಕ್ರ್ಯಾಂಕ್. ಈ ಎಂಜಿನ್ನುಗಳ ಕ್ರ್ಯಾಂಕ್ ಒಂದೇ ತುಂಡಲ್ಲ. ಎರಡು ಚಕ್ರಗಳನ್ನು ನಡುವಿನ ಪಿನ್ನಿಗೆ ಒತ್ತಿ ಕೂರಿಸಿರುತ್ತಾರೆ. ಒಮ್ಮೆ ಪಿಸ್ಟನ್ ಕಚ್ಚಿಕೊಂಡರೆ, ಅಥವಾ ಪ್ರೈಮರಿ ಗೇರಿನ ನಟ್ ಬಿಚ್ಚುವಾಗ ಯಾರೋ ಸುತ್ತಿಗೆಯಿಂದ ಬಡಿದರೆ, ಆ ಎರಡು ಚಕ್ರಗಳು ಕೂದಲೆಳೆಯಷ್ಟು ತಿರುಚಿಕೊಳ್ಳುತ್ತವೆ. ಕಣ್ಣಿಗೆ ಕಾಣುವುದಿಲ್ಲ. ಕ್ರ್ಯಾಂಕನ್ನು ಎರಡು ತುದಿಗಳ ನಡುವೆ ಹಿಡಿದು ನಿಧಾನವಾಗಿ ತಿರುಗಿಸಿ ಡಯಲ್ ಗೇಜ್ ಇಟ್ಟರೆ ಮುಳ್ಳು ಅಲ್ಲಾಡುವುದು ಕಾಣುತ್ತದೆ. ರೇಸ್ ಎಂಜಿನ್ನಿನಲ್ಲಿ ಮುಳ್ಳಿನ ಆ ಅಲ್ಲಾಟ 0.02 ಮಿ.ಮೀ. ಒಳಗಿರಬೇಕು ಎಂಬುದು ನನ್ನ ಪಟ್ಟು. 0.05 ಕಂಡರೆ ಎಂಜಿನ್ ಕೂಡಿಸಲು ಕೈ ಹಾಕುವುದಿಲ್ಲ. ತಾಮ್ರದ ಸುತ್ತಿಗೆಯ ಒಂದೊಂದೇ ಪೆಟ್ಟಿನಿಂದ ಅದನ್ನು ನೇರ ಮಾಡುವುದು ತಾಳ್ಮೆಯ ಕೆಲಸ. ಬಲ್ಲವರು ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ, ಹೊಸಬರು ಒಂದು ದಿನ ಕಳೆದರೂ ಮುಗಿಯದು. ಬಲ್ಲವರ ಕೈಗೆ ಕೊಡುವುದರಲ್ಲಿ ಸಂಕೋಚ ಬೇಡ.

ಗಟ್ಟಿ ಮೌಂಟ್: ಅಗ್ಗದ್ದು, ಮೊದಲು ಮಾಡಬೇಕಾದದ್ದು

ನೊರೆಯ ಕಥೆಗೆ ಮರಳುತ್ತೇನೆ. ಆ ಬೈಕಿನ ದೋಷ ಸಿಕ್ಕಿದ್ದು ಹಿಂದಿನ ಮೌಂಟಿನಲ್ಲಿ. ಬೋಲ್ಟ್ ಬಿಗಿಯಾಗಿಯೇ ಇತ್ತು. ಅದನ್ನು ಸಡಿಲಿಸಿದಾಗ ಎಂಜಿನ್ ಕೇಸಿಗೂ ಫ್ರೇಮಿನ ಕಿವಿಗೂ ನಡುವೆ ಸಂದು ತೆರೆದುಕೊಂಡಿತು. ಸಂದು ಅಳೆಯುವ ಫೀಲರ್ ಗೇಜಿನ 0.6 ಮಿ.ಮೀ. ಎಲೆ ಸರಾಗವಾಗಿ ಒಳಹೋಯಿತು. ಇಷ್ಟು ದಿನ ಬೋಲ್ಟ್ ಫ್ರೇಮಿನ ಕಿವಿಯನ್ನು ಬಾಗಿಸಿ ಆ ಸಂದನ್ನು ಮುಚ್ಚಿತ್ತು. ಸದಾ ಬಾಗಿ ನಿಂತ ಫ್ರೇಮ್ ಬಿಗಿದ ತಂತಿಯಂತೆ ಮಿಡಿಯುತ್ತಿತ್ತು. ಸಂದಿನ ಅಳತೆಗೆ ಸರಿಯಾಗಿ ಉಕ್ಕಿನ ಶಿಮ್ (ತೆಳು ತಗಡಿನ ತುಂಡು) ಕತ್ತರಿಸಿ ತುಂಬಿ, ಟಾರ್ಕ್ ರೆಂಚಿನಲ್ಲಿ ಬಿಗಿದೆವು. ಕೊಳವೆಯ ಗೆರೆ 11,500ರವರೆಗೆ ಕದಡಲಿಲ್ಲ. ಹೊಸ ಭಾಗ ಯಾವುದನ್ನೂ ಕೊಳ್ಳಲಿಲ್ಲ.

ನಿಮ್ಮ ಬೈಕಿನಲ್ಲಿ ಪರೀಕ್ಷಿಸುವ ಕ್ರಮ ಸುಲಭ. ಎಲ್ಲ ಮೌಂಟ್ ಬೋಲ್ಟುಗಳನ್ನೂ ಸಡಿಲಿಸಿ, ಒಂದನ್ನು ಮಾತ್ರ ಬಿಗಿಯಿರಿ, ಉಳಿದವುಗಳ ಸಂದು ಅಳೆಯಿರಿ. ಬೋಲ್ಟುಗಳು ಬೆರಳಿನಿಂದ ತಳ್ಳಿದರೆ ಹೋಗುವಂತಿರಬೇಕು. ಸುತ್ತಿಗೆ ಬೇಕಾದರೆ ತೂತುಗಳು ಸಾಲಿನಲ್ಲಿಲ್ಲ ಎಂದರ್ಥ. ಸಿಲಿಂಡರ್ ಹೆಡ್ಡಿನಿಂದ ಫ್ರೇಮಿಗೆ ಹೋಗುವ ಆಸರೆ ಪಟ್ಟಿಯನ್ನು ಹಗುರ ಮಾಡುವ ನೆಪದಲ್ಲಿ ತೆಗೆದುಹಾಕುವವರಿದ್ದಾರೆ. ಅದನ್ನು ತೆಗೆಯಬೇಡಿ. ಅದೊಂದು ಪಟ್ಟಿ ಎಂಜಿನ್ನಿನ ತಲೆದೂಗುವಿಕೆಯನ್ನು ಹಿಡಿದಿಡುತ್ತದೆ.

ಗಟ್ಟಿ ಮೌಂಟ್ ನಡುಕದ ಬಲವನ್ನು ಕಡಿಮೆ ಮಾಡುವುದಿಲ್ಲ. ಇಡೀ ಬೈಕನ್ನು ಎಂಜಿನ್ನಿನ ಜೊತೆ ಒಂದೇ ಮುದ್ದೆಯಾಗಿ ಕಟ್ಟುತ್ತದೆ, ಅಷ್ಟೇ. ಆದರೆ 20 ಕಿಲೋ ಎಂಜಿನ್ ಒಂದೇ ಅಲುಗುವುದಕ್ಕೂ 80 ಕಿಲೋ ಬೈಕ್ ಒಟ್ಟಾಗಿ ಅಲುಗುವುದಕ್ಕೂ ಬಹಳ ಅಂತರವಿದೆ.

ರಬ್ಬರ್ ಮೌಂಟ್: ಕೈಗೆ ಸುಖ, ಸರಪಳಿಗೆ ಕಷ್ಟ

ರಸ್ತೆಯ ಬೈಕುಗಳಲ್ಲಿ ರಬ್ಬರ್ ಗೆದ್ದಿದೆ. 1980ರಲ್ಲಿ ಬಂದ ಯಮಹಾ ಆರ್‌ಡಿ 350 ಎಲ್‌ಸಿ ಎಂಜಿನ್ನನ್ನು ರಬ್ಬರಿನ ಮೇಲೆಯೇ ಕೂರಿಸಿತ್ತು. ಲೆಕ್ಕವೂ ಮೇಲ್ನೋಟಕ್ಕೆ ರಬ್ಬರಿನ ಪರವಾಗಿಯೇ ಇದೆ. ಎಂಜಿನ್ ರಬ್ಬರಿನ ಮೇಲೆ ಸೆಕೆಂಡಿಗೆ 40 ಸಲ ಸಹಜವಾಗಿ ಕುಣಿಯುವಂತೆ ಕೂರಿಸಿದರೆ, 200 ಸಲದ ನಡುಕದಲ್ಲಿ ನೂರಕ್ಕೆ ನಾಲ್ಕರಷ್ಟು ಮಾತ್ರ ಫ್ರೇಮಿಗೆ ದಾಟುತ್ತದೆ. ಇಷ್ಟು ದೊಡ್ಡ ಲಾಭ ಬೇರೆ ಯಾವ ಅಗ್ಗದ ಉಪಾಯದಲ್ಲೂ ಇಲ್ಲ.

ಹಾಗಾದರೆ ರೇಸಿನವರು ಏಕೆ ಒಲ್ಲೆ ಎನ್ನುತ್ತಾರೆ? ಅದೇ ಲೆಕ್ಕವನ್ನು ಮುಂದುವರಿಸಿ. 20 ಕಿಲೋ ಎಂಜಿನ್ ಹಾಗೆ ಕುಣಿಯಬೇಕಾದರೆ ರಬ್ಬರಿನ ಬಿಗಿ ಮಿಲಿಮೀಟರಿಗೆ ಸುಮಾರು 1,260 ನ್ಯೂಟನ್ ಇರಬೇಕು. ಮೊದಲ ಗೇರಿನಲ್ಲಿ 125ರ ಸರಪಳಿ ಎಳೆಯುವ ಬಲ 2,500 ನ್ಯೂಟನ್ ಮುಟ್ಟಿದರೆ ಎಂಜಿನ್ ಎರಡು ಮಿಲಿಮೀಟರ್ ಹಿಂದಕ್ಕೆ ಸರಿಯುತ್ತದೆ. ಸರಪಳಿ ಒಂದೇ ಪಕ್ಕದಲ್ಲಿರುವುದರಿಂದ ಅದು ನೇರವಾಗಿ ಸರಿಯದೆ ಓರೆಯಾಗುತ್ತದೆ. ಸವಾರ ತಿರುವಿನಿಂದ ಹೊರಬರುತ್ತ ಥ್ರಾಟಲ್ ತೆರೆದ ಕ್ಷಣದಲ್ಲೇ ಸ್ಪ್ರಾಕೆಟ್ ಸಾಲು ತಪ್ಪುತ್ತದೆ. ಎಂಜಿನ್ನನ್ನೇ ಫ್ರೇಮಿನ ಒಂದು ಅಂಗವಾಗಿ ಬಳಸಿದ ಬೈಕುಗಳಲ್ಲಂತೂ ಫ್ರೇಮಿನ ಬಿಗಿಯೇ ಕುಸಿಯುತ್ತದೆ.

ನನ್ನ ತೀರ್ಮಾನ ಹೀಗಿದೆ: ಮೂಲದಲ್ಲೇ ರಬ್ಬರ್ ಮೌಂಟ್ ಇರುವ ರಸ್ತೆ ಬೈಕನ್ನು ರೇಸಿಗೆ ಬಳಸುತ್ತಿದ್ದರೆ ಅದನ್ನು ಉಳಿಸಿಕೊಳ್ಳಿ, ಎಣ್ಣೆ ಕುಡಿದು ಮೆತ್ತಗಾದ ಬುಷ್‌ಗಳನ್ನು ಮಾತ್ರ ಬದಲಿಸಿ. ಗಟ್ಟಿ ಮೌಂಟಿಗೆಂದು ಮಾಡಿದ ಫ್ರೇಮಿಗೆ ರಬ್ಬರ್ ತುರುಕಬೇಡಿ. ಕಾರ್ಬುರೇಟರಿಗೆ ಮಾತ್ರ ಮೆತ್ತನೆಯ ರಬ್ಬರ್ ಕೊರಳು ಇರಲೇಬೇಕು. ಅದರ ಕ್ಲಿಪ್ಪನ್ನು ಲೋಹಕ್ಕೆ ಲೋಹ ತಾಗುವಷ್ಟು ಒಳಕ್ಕೆ ತಳ್ಳಿ ಬಿಗಿದರೆ ಆ ರಬ್ಬರ್ ಇದ್ದೂ ಇಲ್ಲದಂತೆ.

ಕ್ರ್ಯಾಂಕಿನ ಸಮತೋಲನ: ನಿಜವಾದ ಮದ್ದು, ಆದರೆ ಅಳೆದು ಕೊಡಬೇಕು

ಮೇಲೆ ಹೇಳಿದ್ದೆಲ್ಲ ಸರಿಯಿದ್ದೂ ಬೈಕ್ ನಡುಗುತ್ತಿದ್ದರೆ ಈಗ ಕ್ರ್ಯಾಂಕಿನ ಪ್ರತಿಭಾರದ ವಿಚಾರಕ್ಕೆ ಬರಬೇಕು. ಓಡಾಡುವ ತೂಕದಲ್ಲಿ ನೂರಕ್ಕೆ ಎಷ್ಟನ್ನು ಕ್ರ್ಯಾಂಕಿನ ಎದುರು ಬದಿಯ ಭಾರ ಸರಿದೂಗಿಸುತ್ತದೆ ಎಂಬುದೇ ಬ್ಯಾಲೆನ್ಸ್ ಫ್ಯಾಕ್ಟರ್. ನಾನು ಅದನ್ನು ಸಮತೋಲನ ಪ್ರಮಾಣ ಎನ್ನುತ್ತೇನೆ.

ಇದನ್ನು ನೂರಕ್ಕೆ ನೂರು ಮಾಡಿದರೆ ನಡುಕ ನಿಲ್ಲುತ್ತದೆ ಎಂದು ಅನೇಕರು ನಂಬಿದ್ದಾರೆ. ನಿಲ್ಲುವುದಿಲ್ಲ. ಪಿಸ್ಟನ್ ನೇರ ಗೆರೆಯಲ್ಲಿ ಓಡುತ್ತದೆ, ಪ್ರತಿಭಾರ ವೃತ್ತದಲ್ಲಿ ತಿರುಗುತ್ತದೆ. ಪ್ರಮಾಣ ಸೊನ್ನೆಯಾದರೆ 8,600 ನ್ಯೂಟನ್ ಪೂರ್ತಿ ಸಿಲಿಂಡರಿನ ದಿಕ್ಕಿನಲ್ಲಿ ಹೊಡೆಯುತ್ತದೆ. ನೂರಾದರೆ ಅದೇ 8,600 ಅಡ್ಡ ದಿಕ್ಕಿಗೆ ಹೋಗುತ್ತದೆ. ಐವತ್ತಕ್ಕೆ ನಿಲ್ಲಿಸಿದರೆ 4,300 ನ್ಯೂಟನ್ ಎಲ್ಲ ದಿಕ್ಕಿಗೂ ಸಮನಾಗಿ ಸುತ್ತುತ್ತದೆ. 65 ಮಾಡಿದರೆ ಸಿಲಿಂಡರ್ ದಿಕ್ಕಿನಲ್ಲಿ ಸುಮಾರು 3,000, ಅಡ್ಡಕ್ಕೆ 5,600. ಯಾವ ದಿಕ್ಕಿನ ಹೊಡೆತವನ್ನು ನಿಮ್ಮ ಫ್ರೇಮ್ ತಾಳಿಕೊಳ್ಳುತ್ತದೆ ಎಂಬುದೇ ಉತ್ತರ. ಸಿಲಿಂಡರ್ ನೆಟ್ಟಗೆ ನಿಂತ ಬೈಕಿಗೆ ಹೊಂದಿದ ಪ್ರಮಾಣ, ಕ್ರೈಡ್ಲರ್‌ನಂತೆ ಸಿಲಿಂಡರ್ ಮುಂದಕ್ಕೆ ಮಲಗಿದ 50 ಸಿಸಿ ಬೈಕಿಗೆ ಹೊಂದಬೇಕೆಂದಿಲ್ಲ. ಒಂದೇ ಎಂಜಿನ್ ಒಂದು ಫ್ರೇಮಿನಲ್ಲಿ ಮೃದುವಾಗಿ ಓಡಿ ಇನ್ನೊಂದರಲ್ಲಿ ಪೆಟ್ರೋಲ್ ಟ್ಯಾಂಕ್ ಸೀಳುವುದನ್ನು ನೋಡಿದವರಿಗೆ ಇದು ಚೆನ್ನಾಗಿ ಗೊತ್ತು. ಆದ್ದರಿಂದ ಯಾರಾದರೂ ಫ್ರೇಮ್ ಯಾವುದೆಂದು ಕೇಳದೆ ಒಂದು ಸಂಖ್ಯೆ ಹೇಳಿದರೆ ಒಪ್ಪಬೇಡಿ.

ಈಗಿರುವ ಪ್ರಮಾಣವನ್ನು ಅಳೆಯುವುದು ಮನೆಯ ಮೇಜಿನ ಮೇಲೂ ಆಗುವ ಕೆಲಸ. ಮೊದಲು ಪಿಸ್ಟನ್, ಪಿನ್, ರಿಂಗ್, ಕ್ಲಿಪ್, ಚಿಕ್ಕ ಬೇರಿಂಗ್ ಎಲ್ಲವನ್ನೂ ತೂಗಿ. ಕ್ರ್ಯಾಂಕನ್ನು ಮಟ್ಟಸವಾದ ಎರಡು ಅಲಗುಗಳ ಮೇಲಿಟ್ಟು, ರಾಡನ್ನು ಅಡ್ಡಲಾಗಿ ಹಿಡಿದು ಅದರ ಮೇಲ್ತುದಿಯನ್ನು ತಕ್ಕಡಿಯ ಮೇಲಿಟ್ಟರೆ ರಾಡಿನ ಪಾಲಿನ ತೂಕ ಸಿಗುತ್ತದೆ. ಒಂದು ಎಂಜಿನ್ನಿನಲ್ಲಿ ಬಿಡಿಭಾಗಗಳು 162 ಗ್ರಾಂ, ರಾಡಿನ ತುದಿ 48 ಗ್ರಾಂ, ಒಟ್ಟು 210 ಬಂತು ಎನ್ನಿ. ಈಗ ರಾಡ್ ಕೆಳಕ್ಕೆ ಜೋತುಬೀಳಲಿ. ಅದರ ತುದಿಗೆ ತಂತಿಯಿಂದ ನಟ್ಟುಗಳನ್ನು ಒಂದೊಂದಾಗಿ ಪೋಣಿಸುತ್ತ ಹೋಗಿ. ಮೊದಮೊದಲು ಪ್ರತಿಭಾರ ಭಾರವಾಗಿ ಕ್ರ್ಯಾಂಕ್ ಹಟದಿಂದ ಒಂದೇ ಕಡೆಗೆ ಉರುಳುತ್ತದೆ. ನಟ್ಟು ಸೇರಿದಂತೆ ಆ ಹಟ ಇಳಿಯುತ್ತದೆ, ಉರುಳುವ ಬದಲು ತಡವರಿಸುತ್ತದೆ. ಕೊನೆಗೊಂದು ವಾಷರ್ ಸೇರಿಸಿದಾಗ ಎಲ್ಲಿ ನಿಲ್ಲಿಸಿದರೆ ಅಲ್ಲೇ ನಿಲ್ಲುತ್ತದೆ. ಅದನ್ನು ನೋಡುವಾಗ ಕೈ ತಾನಾಗಿ ಮೇಜಿನಿಂದ ಹಿಂದೆ ಸರಿಯುತ್ತದೆ, ಉಸಿರು ತಾಗಿದರೂ ಉರುಳೀತು ಎನ್ನುವಂತಿರುತ್ತದೆ. ತಂತಿ ಸಮೇತ ತೂಗಿ. 66 ಗ್ರಾಂ ಬಂದರೆ 66ಕ್ಕೆ 48 ಕೂಡಿಸಿ, 114ನ್ನು 210ರಿಂದ ಭಾಗಿಸಿ. ನೂರಕ್ಕೆ 54.

ಪ್ರಮಾಣ ಇಳಿಸಬೇಕಾದರೆ ಪ್ರತಿಭಾರದಲ್ಲಿ ತೂತು ಕೊರೆಯಬೇಕು. ಆ ತೂತನ್ನು ಹಗುರ ಬಿರಡೆಯಿಂದ ಮುಚ್ಚಲೇಬೇಕು, ಇಲ್ಲದಿದ್ದರೆ ಕ್ರ್ಯಾಂಕ್‌ಕೇಸಿನ ಒಳಜಾಗ ಹೆಚ್ಚಿ ಟೂ ಸ್ಟ್ರೋಕಿನ ಉಸಿರಾಟವೇ ಬದಲಾಗುತ್ತದೆ. ಏರಿಸಬೇಕಾದರೆ ಟಂಗ್‌ಸ್ಟನ್ ಮಿಶ್ರಲೋಹದ ಗುಂಡು. ಉಕ್ಕಿನ ಎರಡರಷ್ಟಕ್ಕಿಂತ ಭಾರವಾದ ಲೋಹವಿದು. 14 ಮಿ.ಮೀ. ದಪ್ಪ, 18 ಮಿ.ಮೀ. ಉದ್ದದ ಒಂದು ಗುಂಡು ಸುಮಾರು 48 ಗ್ರಾಂ ತೂಗುತ್ತದೆ, ಅದು ಕೂರುವ ಜಾಗದಿಂದ 22 ಗ್ರಾಂ ಉಕ್ಕು ಹೋಗಿರುತ್ತದೆ. ಮಿಕ್ಕ 26 ಗ್ರಾಂ ಮೇಲಿನ ಎಂಜಿನ್ನಿನಲ್ಲಿ ಪ್ರಮಾಣವನ್ನು ನೂರಕ್ಕೆ ಹನ್ನೆರಡು ಹದಿಮೂರರಷ್ಟು ಏರಿಸಬಲ್ಲದು. ಭಾರ ಎರಡೂ ಚಕ್ರಗಳಿಗೆ ಸಮನಾಗಿ ಹಂಚಿಕೆಯಾಗಬೇಕಾದ್ದರಿಂದ ಒಂದೇ ಗುಂಡು ಹಾಕುವಂತಿಲ್ಲ. ಇದಕ್ಕಿಂತ ಸಣ್ಣದನ್ನು ಜೋಡಿಯಾಗಿ ಹಾಕಬೇಕು. ಇನ್ನೊಂದು ಮಾತು: ಕೇಂದ್ರದಿಂದ 30 ಮಿ.ಮೀ. ದೂರ ಕುಳಿತ ಆ 48 ಗ್ರಾಂ 12,000 ಸುತ್ತಿನಲ್ಲಿ 230 ಕಿಲೋದಷ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ. ಗುಂಡು ಕ್ರ್ಯಾಂಕಿನ ಅಕ್ಷಕ್ಕೆ ಸಮಾನಾಂತರವಾಗಿ, ಒತ್ತಿ, ಅಂಚು ಬಡಿದು ಕೂತಿರಬೇಕು, ಹೊರಗಡೆ ಸಾಕಷ್ಟು ಉಕ್ಕು ಉಳಿದಿರಬೇಕು. ಕಳಚಿಕೊಂಡರೆ ಎಂಜಿನ್ ಮಾತ್ರವಲ್ಲ, ಸವಾರನ ಕಾಲೂ ಅಪಾಯದಲ್ಲಿರುತ್ತದೆ.

ಒಮ್ಮೆಗೆ ನೂರಕ್ಕೆ ಐದರಷ್ಟು ಮಾತ್ರ ಬದಲಿಸಿ, ಅದೇ ಟ್ರ್ಯಾಕಿನಲ್ಲಿ ಓಡಿಸಿ ನೋಡಿ. ಮೊಬೈಲಿನ ಕಂಪನಮಾಪಕವನ್ನು ನೆಚ್ಚಬೇಡಿ. ಅದು ಸೆಕೆಂಡಿಗೆ 100 ಸಲ ಅಳೆಯುವಂಥದ್ದಾದರೆ 200 ಸಲದ ನಡುಕವನ್ನು ಅದು ಸರಿಯಾಗಿ ಕಾಣಲಾರದು. ಸವಾರನ ಕೈ ಮತ್ತು ಫ್ಲೋಟ್ ಬಟ್ಟಲಿನ ಕೊಳವೆ ಅದಕ್ಕಿಂತ ಒಳ್ಳೆಯ ಸಾಕ್ಷಿಗಳು.

ಹಗುರ ಪಿಸ್ಟನ್

ನಡುಕವನ್ನು ಹುಟ್ಟಿನಲ್ಲೇ ಕುಗ್ಗಿಸುವ ದಾರಿ ಇದೊಂದೇ. 200 ಗ್ರಾಂನಲ್ಲಿ 20 ಗ್ರಾಂ ಉಳಿಸಿದರೆ ಮೂಲ ಬಲವೂ ಹತ್ತನೇ ಒಂದು ಭಾಗ ಇಳಿಯುತ್ತದೆ, ಬೇರಿಂಗಿಗೂ ಸುಖ. ತಯಾರಕರೇ ಮಾಡಿದ ಹಗುರ ಪಿನ್ ಸಿಕ್ಕರೆ ಧೈರ್ಯವಾಗಿ ಹಾಕಿ. ಪಿಸ್ಟನ್ನಿನ ಒಳಗೆ ನೀವೇ ಕೊರೆಯುವುದಕ್ಕೆ ನನ್ನ ಸಮ್ಮತಿಯಿಲ್ಲ, ಅಲ್ಲಿನ ದಪ್ಪ ಶಾಖ ಸಾಗಿಸಲು ಬೇಕು. ಪಿಸ್ಟನ್ ಹಗುರವಾದರೆ ಸಮತೋಲನ ಪ್ರಮಾಣ ತಾನಾಗಿ ಏರುತ್ತದೆ ಎಂಬುದೂ ನೆನಪಿರಲಿ: ಮೇಲಿನ 210 ಗ್ರಾಂ 190 ಆದರೆ 54 ಇದ್ದದ್ದು 60 ಆಗುತ್ತದೆ.

ಬ್ಯಾಲೆನ್ಸರ್ ಶಾಫ್ಟ್: ಕೊಳ್ಳುವಾಗಲೇ ಆರಿಸಬೇಕಾದದ್ದು

ಕ್ರ್ಯಾಂಕಿನ ವೇಗದಲ್ಲೇ ವಿರುದ್ಧ ದಿಕ್ಕಿಗೆ ತಿರುಗುವ ಭಾರದ ದಂಡ ಇದು. ಐವತ್ತರ ಪ್ರಮಾಣದ ಕ್ರ್ಯಾಂಕಿನಲ್ಲಿ ಉಳಿದ ಸುತ್ತುವ ಬಲವನ್ನು ಇದು ಸಂಪೂರ್ಣವಾಗಿ ನುಂಗುತ್ತದೆ. ಎರಡರಷ್ಟು ವೇಗದ ಚಿಕ್ಕ ನಡುಕ ಮಾತ್ರ ಉಳಿಯುತ್ತದೆ. ಏಪ್ರಿಲಿಯಾ ಆರ್‌ಎಸ್ 125ರಲ್ಲಿದ್ದ ರೋಟ್ಯಾಕ್ಸ್ 122 ಎಂಜಿನ್ನಿಗೆ ಇದಿತ್ತು, ಕಾರ್ಟ್ ರೇಸಿನ ರೋಟ್ಯಾಕ್ಸ್ 125 ಮ್ಯಾಕ್ಸ್‌ಗೂ ಇದೆ. ಕೆಟಿಎಂ 2017ರ ಮಾದರಿಯಿಂದ ತನ್ನ 250 ಸಿಸಿ ಟೂ ಸ್ಟ್ರೋಕ್ ಮೋಟೋಕ್ರಾಸ್ ಬೈಕಿಗೆ ಇದನ್ನು ಕೊಟ್ಟಿತು, ಆದರೆ ಅದಕ್ಕೆ ಒಂದು ವರ್ಷ ಮೊದಲು ಹೊಸದಾಗಿ ರೂಪಿಸಿದ 125ಕ್ಕೆ ಕೊಟ್ಟಿರಲಿಲ್ಲ. ಚಿಕ್ಕ ಪಿಸ್ಟನ್ನಿಗೆ ಆ ತೂಕ, ಆ ಬೇರಿಂಗ್, ಆ ಗೇರಿನ ಘರ್ಷಣೆ ಬೇಡವೆಂದು ಕಂಡಿರಬೇಕು.

ಇಲ್ಲದ ಎಂಜಿನ್ನಿಗೆ ಇದನ್ನು ಸೇರಿಸುವುದು ಹೊಸ ಕ್ರ್ಯಾಂಕ್‌ಕೇಸ್ ಎರಕ ಹೊಯ್ದಂತೆ, ಸಾಮಾನ್ಯ ತಂಡಕ್ಕೆ ಆಗದ ಮಾತು. ಇರುವ ಎಂಜಿನ್ನಿನಿಂದ ಶಕ್ತಿ ಉಳಿಸಲೆಂದು ಕಿತ್ತುಹಾಕುವವರಿದ್ದಾರೆ. ಕಿತ್ತರೆ ಅದು ನುಂಗುತ್ತಿದ್ದ ಬಲವೆಲ್ಲ ಫ್ರೇಮಿಗೆ ಬರುತ್ತದೆ. ಆಗ ಕ್ರ್ಯಾಂಕನ್ನು ಮತ್ತೆ ತೂಗಿ ಹೊಂದಿಸಲು ಸಿದ್ಧರಿದ್ದರೆ ಮಾತ್ರ ಕೈ ಹಾಕಿ. ಜೋಡಿಸುವಾಗ ಗೇರಿನ ಗುರುತು ತಪ್ಪಿದರೆ ಶಾಫ್ಟ್ ನಡುಕವನ್ನು ಅಳಿಸುವ ಬದಲು ಅದಕ್ಕೆ ತನ್ನದನ್ನೂ ಸೇರಿಸುತ್ತದೆ. ಎಂಜಿನ್ ಬಿಚ್ಚಿ ಕೂಡಿಸಿದ ಕೂಡಲೇ ಜೋರು ನಡುಕ ಬಂದರೆ ಮೊದಲು ಆ ಗುರುತನ್ನೇ ನೋಡಿ.

ಹ್ಯಾಂಡಲ್ ತುದಿಯ ಭಾರ, ಮೆತ್ತನೆಯ ಹಿಡಿ, ಫುಟ್‌ರೆಸ್ಟ್ ರಬ್ಬರ್ ಇವು ಸವಾರನನ್ನು ಕಾಯುತ್ತವೆ, ಬೈಕನ್ನಲ್ಲ. ಉದ್ದದ ರೇಸಿನಲ್ಲಿ ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿತ ತಪ್ಪುತ್ತದೆ, ಆದ್ದರಿಂದ ಹಾಕಿಕೊಳ್ಳಿ. ಆದರೆ ಇವನ್ನು ಹಾಕಿದ ಮೇಲೆ ಕೈಗೆ ನಡುಕ ತಿಳಿಯದೆ ಹೋಗಿ, ಸೈಲೆನ್ಸರ್ ಬ್ರಾಕೆಟ್ ಬಿರುಕು ಬಿಡುವುದು ಗಮನಕ್ಕೆ ಬಾರದಿರಬಹುದು. ಪ್ರತಿ ಓಟದ ನಂತರ ವೆಲ್ಡಿಂಗ್ ಜಾಗಗಳನ್ನು ಕಣ್ಣಿಟ್ಟು ನೋಡಿ.

ಯಾರಿಗೆ ಯಾವುದು

ಹಳೆಯ 50 ಅಥವಾ 80 ಸಿಸಿ ಬೈಕನ್ನು ಈಗಷ್ಟೇ ಕೊಂಡವರು ಶಿಮ್, ಬೋಲ್ಟ್, ಡಯಲ್ ಗೇಜ್ ಇಷ್ಟರಲ್ಲೇ ಮೊದಲ ಸುತ್ತು ಮುಗಿಸಿ. ನಾನು ಕಂಡ ಬೈಕುಗಳಲ್ಲಿ ಬಹುಪಾಲು ಇಲ್ಲಿಗೇ ಗುಣವಾಗಿವೆ. ಒಂದು ಎಂಜಿನ್ನನ್ನು ಬೇರೆ ಫ್ರೇಮಿಗೆ ಕೂರಿಸಿದವರು, ಸುತ್ತಿನ ಮಿತಿಯನ್ನು ಏರಿಸಿದವರು, ಬೇರೆ ತೂಕದ ಪಿಸ್ಟನ್ ಹಾಕಿದವರು ಸಮತೋಲನ ಪ್ರಮಾಣ ಅಳೆಯದೆ ಮುಂದೆ ಹೋಗಬಾರದು. ಎಂಜಿನ್ ಇನ್ನೂ ಆರಿಸಿಲ್ಲದವರು, ಅದರಲ್ಲೂ ಗಂಟೆಗಟ್ಟಲೆ ಓಡುವ ರೇಸಿಗೆ ಸಿದ್ಧವಾಗುತ್ತಿರುವವರು, ಬ್ಯಾಲೆನ್ಸರ್ ಇರುವುದನ್ನೇ ಆರಿಸಲಿ. ಹತ್ತು ಹದಿನೈದು ನಿಮಿಷದ ರೇಸಿಗೆ ಅದರ ತೂಕ ಹೊರುವುದು ಬೇಡ. ಎರಡು ಸಿಲಿಂಡರಿನ 250ರ ಕಥೆಯೇ ಬೇರೆ. ಹೋಂಡಾ ಎನ್‌ಎಸ್‌ಆರ್ 250ರಂತೆ 90 ಡಿಗ್ರಿ ವಿ ಆಕಾರದಲ್ಲಿ ಸಿಲಿಂಡರ್ ಇದ್ದರೆ ಕ್ರ್ಯಾಂಕಿನ ವೇಗದಲ್ಲೇ ಬರುವ ದೊಡ್ಡ ನಡುಕದ ಬಲವನ್ನು ಪ್ರತಿಭಾರವೇ ಪೂರ್ತಿ ಅಳಿಸಬಲ್ಲದು.

ಯಾವ ದಾರಿ ಹಿಡಿದರೂ ಮೊದಲ ಇಪ್ಪತ್ತು ನಿಮಿಷದ ಓಟದ ನಂತರ, ಎಂಜಿನ್ ತಣ್ಣಗಾದ ಮೇಲೆ, ಮೌಂಟ್ ಬೋಲ್ಟುಗಳಿಗೆ ಮತ್ತೆ ಟಾರ್ಕ್ ರೆಂಚ್ ಹಾಕಿ. ಹೊಸ ಶಿಮ್ ಕೂತುಕೊಂಡು ಒಂದೆರಡಾದರೂ ಸಡಿಲಗೊಂಡಿರುತ್ತವೆ. ಬಿಗಿದ ಮೇಲೆ ಬೋಲ್ಟಿನ ತಲೆಯಿಂದ ಫ್ರೇಮಿನವರೆಗೆ ಬಣ್ಣದ ಗೆರೆ ಎಳೆದಿಡಿ. ಮುಂದಿನ ಸಲ ಗೆರೆ ಮುರಿದಿದ್ದರೆ ಯಾವ ಬೋಲ್ಟ್ ಎಂದು ದೂರದಿಂದಲೇ ಕಾಣುತ್ತದೆ.